ಶ್ರುತಿ ತಪ್ಪಿಸುವ ತಟ್ಟೆ

ಧಾರವಾಡದಿಂದ ಓದುಗರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದರು. ತಂದೆಯವರು ತೀರಿಕೊಂಡ ಮೇಲೆ ಅಟ್ಟದ ಮೇಲಿದ್ದ ರೆಕಾರ್ಡುಗಳ ಪೆಟ್ಟಿಗೆಯನ್ನು ಕೆಳಗಿಳಿಸಿದ್ದಾರೆ. ಮನೆಯಲ್ಲಿದ್ದ ಪ್ಲೇಯರ್ ಕೆಟ್ಟು ಎಷ್ಟೋ ವರ್ಷಗಳಾಗಿದ್ದವು. ಅಮೆರಿಕದಲ್ಲಿರುವ ಮಗ ರಜೆಗೆ ಬರುವಾಗ ಅಲ್ಲಿಯ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಜಪಾನಿನ ಟರ್ನ್‌ಟೇಬಲ್ ಕೊಂಡು, ಬಟ್ಟೆಗಳ ನಡುವೆ ಸುತ್ತಿ, ಜೋಪಾನವಾಗಿ ತಂದುಕೊಟ್ಟಿದ್ದಾನೆ. ಅದು 110 ವೋಲ್ಟಿನದು. ಆದ್ದರಿಂದ ಟ್ರಾನ್ಸ್‌ಫಾರ್ಮರ್ ಹಾಕಿಸಿದರು. ಮೊದಲು ಹಾಕಿದ್ದು ಮಲ್ಲಿಕಾರ್ಜುನ ಮನಸೂರರ ಎಲ್.ಪಿ. ಎಂಬತ್ತು ದಾಟಿದ ತಾಯಿಯವರನ್ನು ಕರೆದು ಪಕ್ಕದಲ್ಲಿ ಕೂರಿಸಿದರು. ಗಂಡ ದಿನವೂ ಹಾಕುತ್ತಿದ್ದ ರೆಕಾರ್ಡು. ಆಕೆಗೆ ಅದರ ಒಂದೊಂದು ತಾನವೂ ಬಾಯಿಪಾಠ. ಐದು ನಿಮಿಷ ಕೇಳಿದ ಮೇಲೆ ಆಕೆ ಅಂದರಂತೆ: ‘ಇದು ಮನಸೂರವ್ರ ದನಿ ಅಲ್ಲಪಾ, ಬ್ಯಾರೆ ಯಾರೋ ಹಾಡ್ಲಿಕ್ಕತ್ತಾರ.’

ಮಗ, ಸೊಸೆ, ಮೊಮ್ಮಗ ಎಲ್ಲರೂ ಲೇಬಲ್ ತೋರಿಸಿದರು. ಅವರು ಒಪ್ಪಲಿಲ್ಲ. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದು ಮನೆಯವರು ತಮ್ಮತಮ್ಮಲ್ಲೇ ಹೇಳಿಕೊಂಡರು. ‘ಅವ್ವನ ಕಿವಿಯೇ ಸರಿಯಿಲ್ಲವೋ, ಯಂತ್ರ ಸರಿಯಿಲ್ಲವೋ?’ ಇದು ಕಾಗದದ ಪ್ರಶ್ನೆ.

ಅಷ್ಟರಲ್ಲಿ ಅವರು ಒಂದಿಷ್ಟು ದುಡ್ಡನ್ನೂ ಕಳೆದುಕೊಂಡಿದ್ದರು. ಒಬ್ಬ ರಿಪೇರಿಯವನು ‘ಸಾರ್, ವೋಲ್ಟೇಜು ಸಾಲುತ್ತಿಲ್ಲ’ ಎಂದು ಸ್ಟೆಬಿಲೈಸರ್ ಹಾಕಿಸಿದ. ಇನ್ನೊಬ್ಬ ‘ಬೆಲ್ಟು ಸಡಿಲವಾಗಿದೆ’ ಎಂದು ಹೊಸ ಬೆಲ್ಟು ತರಿಸಿ ಹಾಕಿದ. ಎರಡರಿಂದಲೂ ಫಲ ಸಿಗಲಿಲ್ಲ.

ನಾನು ಅವರಿಗೆ ಒಂದೇ ಕೆಲಸ ಹೇಳಿದೆ. ತಟ್ಟೆಯ ಅಂಚಿಗೆ ಒಂದು ಚೂರು ಕಾಗದ ಅಂಟಿಸಿ, ರೆಕಾರ್ಡು ಹಾಕಿ, ಮುಳ್ಳು ಇಳಿಸಿ, ತಟ್ಟೆ ನೂರು ಸುತ್ತು ಸುತ್ತಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ ಬರೆಯಿರಿ ಎಂದೆ. ಎಲ್.ಪಿ.ಯ ವೇಗ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತು. ಈ ವಿಚಿತ್ರ ಭಿನ್ನರಾಶಿಯಿಂದ ಒಂದು ಅನುಕೂಲವಿದೆ: ನೂರು ಸುತ್ತಿಗೆ ಸರಿಯಾಗಿ ಮೂರು ನಿಮಿಷ, ಅಂದರೆ 180 ಸೆಕೆಂಡು. ಒಂದು ಸೆಕೆಂಡಿನ ಹೆಚ್ಚುಕಡಿಮೆ ಎಂದರೆ ಸುಮಾರು ಶೇಕಡ ಅರ್ಧದಷ್ಟು ವ್ಯತ್ಯಾಸ. ಇದಕ್ಕೆ ಯಾವ ಉಪಕರಣವೂ ಬೇಡ. ಮುಳ್ಳು ಇಳಿಸಿಯೇ ಎಣಿಸಬೇಕು ಎನ್ನುವುದನ್ನು ಮಾತ್ರ ಮರೆಯಬಾರದು. ಬೆಲ್ಟು ಜಾರುವ ಯಂತ್ರ ಬರಿದಾಗಿ ತಿರುಗುವಾಗ ಸರಿಯಾಗಿಯೇ ತಿರುಗುತ್ತದೆ; ಮುಳ್ಳಿನ ಎಳೆತ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ವಾರದೊಳಗೆ ಉತ್ತರ ಬಂತು. 3 ನಿಮಿಷ 36 ಸೆಕೆಂಡು. ಎರಡು ಸಲ ಎಣಿಸಿದ್ದಾರೆ, ಎರಡು ಸಲವೂ ಅಷ್ಟೇ.

ಅಂದರೆ 216 ಸೆಕೆಂಡು. ಈ ಅಂಕಿ ನೋಡಿದ ಮೇಲೆ ಯಂತ್ರ ಬಿಚ್ಚುವ ಅಗತ್ಯವೇ ಇರಲಿಲ್ಲ. 180ಕ್ಕೂ 216ಕ್ಕೂ ಇರುವ ಅನುಪಾತ ಐದಕ್ಕೆ ಆರು. 50ಕ್ಕೂ 60ಕ್ಕೂ ಇರುವುದು ಅದೇ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನೆಯದು, ನಮ್ಮದು 50. ಆ ಯಂತ್ರದ ಒಳಗಿರುವುದು ಸಿಂಕ್ರೋನಸ್ ಮೋಟಾರು. ಈ ಬಗೆಯ ಮೋಟಾರು ವೋಲ್ಟೇಜಿಗೆ ಸೊಪ್ಪು ಹಾಕುವುದಿಲ್ಲ, ಆವರ್ತನೆ ಹೇಳಿದಂತೆ ಕೇಳುತ್ತದೆ. ನಾಲ್ಕು ಧ್ರುವದ ಇಂಥ ಮೋಟಾರು ಅಮೆರಿಕದಲ್ಲಿ ನಿಮಿಷಕ್ಕೆ 1800 ಸುತ್ತು ಸುತ್ತಿದರೆ ಇಲ್ಲಿ 1500 ಸುತ್ತುತ್ತದೆ. ಟ್ರಾನ್ಸ್‌ಫಾರ್ಮರ್ 230 ವೋಲ್ಟನ್ನು 110ಕ್ಕೆ ಇಳಿಸುತ್ತದೆಯೇ ಹೊರತು 50ನ್ನು 60 ಮಾಡಲಾರದು. ಸ್ಟೆಬಿಲೈಸರಂತೂ ಈ ವಿಷಯದಲ್ಲಿ ಮನೆಗೆ ಬಂದ ಅತಿಥಿಯಿದ್ದಂತೆ, ಸುಮ್ಮನೆ ಕುಳಿತಿರುತ್ತದೆ.

ಹಾಗಾಗಿ ಅವರ ಮನೆಯಲ್ಲಿ ತಟ್ಟೆ ತಿರುಗುತ್ತಿದ್ದುದು ನಿಮಿಷಕ್ಕೆ 28 ಸುತ್ತಿಗೂ ಸ್ವಲ್ಪ ಕಡಿಮೆ. ಇಪ್ಪತ್ತು ನಿಮಿಷದ ಒಂದು ಮಗ್ಗುಲು ಮುಗಿಯಲು ಇಪ್ಪತ್ತನಾಲ್ಕು ನಿಮಿಷ. ಹಾರ್ಮೋನಿಯಂ ಮುಂದಿಟ್ಟುಕೊಂಡು ನೋಡಿದರೆ ಶ್ರುತಿ ಕಪ್ಪು ಬಿಳಿ ಎಲ್ಲ ಸೇರಿ ಮೂರು ಮನೆ ಕೆಳಗಿಳಿದಿರುತ್ತದೆ, ಅದಕ್ಕಿಂತ ಕೂದಲೆಳೆ ಹೆಚ್ಚೇ. ಗವಾಯಿಗಳು ಷಡ್ಜ ಹಚ್ಚಿದರೆ ಅದು ಮಂದ್ರದ ಶುದ್ಧ ಧೈವತದ ಜಾಗದಲ್ಲಿ ಬಂದು ಕೂರುತ್ತದೆ. ಕರ್ನಾಟಕ ಪದ್ಧತಿಯವರು ಚತುಶ್ರುತಿ ಧೈವತ ಎಂದುಕೊಳ್ಳಲಿ. ಬರೀ ಶ್ರುತಿ ಇಳಿದರೆ ಅಷ್ಟು ಗೊತ್ತಾಗದಿರಬಹುದು. ಆದರೆ ವೇಗ ಇಳಿದಾಗ ಕಂಠದ ಬಣ್ಣವೂ ಬದಲಾಗುತ್ತದೆ, ತಾನಗಳ ಓಟ ಕುಂಟುತ್ತದೆ, ತಬಲಾದ ಬಾಯಾಂ ಮಡಕೆ ಬಡಿದಂತೆ ಕೇಳುತ್ತದೆ. ಆ ತಾಯಿ ಹೇಳಿದ್ದು ಅಕ್ಷರಶಃ ಸರಿ. ಮನೆಯಲ್ಲಿ ಸರಿಯಾಗಿ ಕೇಳಿಸುತ್ತಿದ್ದುದು ಅವರೊಬ್ಬರಿಗೇ.

ಇದಕ್ಕೆ ಮದ್ದೇನು? ಮೋಟಾರಿನ ತುದಿಯ ಪುಲ್ಲಿ ಬದಲಾಯಿಸಬೇಕು. ಮೋಟಾರು ನಿಧಾನವಾದಷ್ಟೂ ಪುಲ್ಲಿ ದಪ್ಪವಾಗಬೇಕು. ಜಪಾನಿನಲ್ಲೇ ಟೋಕಿಯೊ ಕಡೆ 50, ಒಸಾಕ ಕಡೆ 60 ಆವರ್ತನೆ ಇರುವುದರಿಂದ ಅಲ್ಲಿಯ ತಯಾರಕರಿಗೆ ಈ ಕಷ್ಟ ಹೊಸದೇನಲ್ಲ. ಅನೇಕ ಮಾದರಿಗಳಿಗೆ ಎರಡು ಬಗೆಯ ಪುಲ್ಲಿಗಳನ್ನೂ ಮಾಡುತ್ತಿದ್ದರು. ಆದರೆ ಇಷ್ಟು ಹಳೆಯ ಯಂತ್ರಕ್ಕೆ ಈಗ ಅದನ್ನು ಎಲ್ಲಿ ಹುಡುಕುವುದು? ಲೇತ್ ಇರುವ ಅಂಗಡಿಗೆ ಹೋಗಿ ಹಿತ್ತಾಳೆಯಲ್ಲಿ ಮಾಡಿಸಿಕೊಳ್ಳಿ ಎಂದೆ. ಇಲ್ಲಿ ಒಂದು ಮುಳ್ಳಿತ್ತು. ಅದನ್ನು ಹೇಳಲು ನಾನೇ ಮರೆತೆ. ಅವರ ಕ್ಷಮೆ ಕೋರುತ್ತೇನೆ.

ಅವರ ಹಳೆಯ ಪುಲ್ಲಿಯ 33ರ ಮೆಟ್ಟಿಲಿನ ಅಡ್ಡಳತೆ 4.4 ಮಿಲಿಮೀಟರ್. ಐದನೇ ಒಂದು ಭಾಗ ಸೇರಿಸಿದರೆ 5.28. ಲೇತಿನವರು ಅಚ್ಚುಕಟ್ಟಾಗಿ 5.28ಕ್ಕೇ ಕಡೆದುಕೊಟ್ಟರು. ಹಾಕಿ ನೋಡಿದರೆ ನೂರು ಸುತ್ತಿಗೆ 184 ಸೆಕೆಂಡು. ಇನ್ನೂ ಶೇಕಡ ಎರಡರಷ್ಟು ನಿಧಾನ. ಏನಾಯಿತು?

ಬೆಲ್ಟಿಗೂ ದಪ್ಪವಿದೆ. ಬೆಲ್ಟು ಪುಲ್ಲಿಯನ್ನು ಸುತ್ತುವಾಗ ಅದರ ಒಳಮೈ ಕುಗ್ಗುತ್ತದೆ, ಹೊರಮೈ ಹಿಗ್ಗುತ್ತದೆ. ನಡುವಿನ ಪದರ ಮಾತ್ರ ಇದ್ದಷ್ಟೇ ಇರುತ್ತದೆ. ವೇಗದ ಲೆಕ್ಕಕ್ಕೆ ಬರುವುದು ಆ ನಡುವಿನ ಪದರ. ಆದ್ದರಿಂದ ಪುಲ್ಲಿಯ ಅಡ್ಡಳತೆಗೆ ಬೆಲ್ಟಿನ ದಪ್ಪ ಕೂಡಿಸಿಯೇ ಲೆಕ್ಕ ಹಾಕಬೇಕು. ಅವರ ಬೆಲ್ಟು 0.6 ಮಿಲಿಮೀಟರ್ ದಪ್ಪ. 4.4ಕ್ಕೆ 0.6 ಸೇರಿ 5. ಅದರ ಒಂದೂಕಾಲಿಗೆ ಸ್ವಲ್ಪ ಕಡಿಮೆ, ಅಂದರೆ 1.2 ಪಟ್ಟು 6; ಅದರಲ್ಲಿ ಬೆಲ್ಟಿನ 0.6 ಕಳೆದರೆ 5.4. ಪುಲ್ಲಿ ಇರಬೇಕಾದದ್ದು ಇಷ್ಟು. ವ್ಯತ್ಯಾಸ 0.12 ಮಿಲಿಮೀಟರ್, ಎರಡು ಹಾಳೆ ಕಾಗದದ ದಪ್ಪವೂ ಇಲ್ಲ. ಇಷ್ಟಕ್ಕೆ ತಂಬೂರಿಗೂ ರೆಕಾರ್ಡಿಗೂ ಜಗಳ ಹತ್ತುತ್ತದೆ.

ಲೆಕ್ಕ ಸರಿಯಿದೆಯೇ ನೋಡೋಣವೆಂದು ಅವರು ಪುಲ್ಲಿಗೆ ಸೆಲ್ಲೋಟೇಪನ್ನು ಒಂದೇ ಸುತ್ತು ಅಂಟಿಸಿದರು, ತುದಿಯ ಮೇಲೆ ತುದಿ ಬಾರದಂತೆ ಬ್ಲೇಡಿನಿಂದ ಸರಿಯಾಗಿ ಕತ್ತರಿಸಿ. ಎಣಿಸಿದರೆ 181ರ ಒಳಗೆ ಬಂತು. ಟೇಪು ಪರೀಕ್ಷೆಗೆ ಸರಿ, ಸಂಸಾರಕ್ಕಲ್ಲ. ಬೇಸಿಗೆಯಲ್ಲಿ ಅದರ ಅಂಟು ಕರಗಿ ಬೆಲ್ಟಿಗೆ ಮೆತ್ತುತ್ತದೆ. ಆಮೇಲೆ ಹೊಸದಾಗಿ 5.4ಕ್ಕೆ ಕಡೆಸಿದರು, 45ರ ಮೆಟ್ಟಿಲನ್ನು 7.5ಕ್ಕೆ. ಮಾಡಿಸುವವರು ಇನ್ನೆರಡು ವಿಷಯ ಗಮನಿಸಿ. ಪುಲ್ಲಿಯ ಮೈ ಸಿಲಿಂಡರಿನಂತೆ ಸಪಾಟಾಗಿರಬಾರದು. ನಡು ಕಂಡೂ ಕಾಣದಷ್ಟು ಉಬ್ಬಿರಬೇಕು. ಇಲ್ಲದಿದ್ದರೆ ಬೆಲ್ಟು ಜರುಗುತ್ತ ಜರುಗುತ್ತ ಕಳಚಿಕೊಳ್ಳುತ್ತದೆ. ನಡುವಿನ ರಂಧ್ರ ಕೇಂದ್ರದಲ್ಲೇ ಇರಬೇಕು. ಪುಲ್ಲಿ ಸೊಟ್ಟ ತಿರುಗಿದರೆ ಸ್ವರ ನಡುಗುತ್ತದೆ.

ಇದೇ ಲೆಕ್ಕ ನಮ್ಮೂರ ಇನ್ನೊಂದು ಪದ್ಧತಿಗೂ ಅನ್ವಯಿಸುತ್ತದೆ. ಬೆಲ್ಟು ಸಿಗದಿದ್ದಾಗ ಸೈಕಲ್ ಟ್ಯೂಬು ಕತ್ತರಿಸಿ ಹಾಕುವ ಜಾಣರಿದ್ದಾರೆ. ನಾನೂ ಹಾಕಿದ್ದೇನೆ. ಟ್ಯೂಬಿನ ರಬ್ಬರು ಒಂದು ಮಿಲಿಮೀಟರ್ ದಪ್ಪವಿತ್ತೆನ್ನಿ. ಮೇಲೆ ಹೇಳಿದ 5.4ರ ಪುಲ್ಲಿಯ ಮೇಲೆ ಅದನ್ನು ಹಾಕಿದರೆ 6 ಇದ್ದದ್ದು 6.4 ಆಗುತ್ತದೆ. ತಟ್ಟೆ ಶೇಕಡ ಆರೂವರೆಯಷ್ಟು ಜೋರಾಗಿ ಓಡುತ್ತದೆ. ಶ್ರುತಿ ಒಂದು ಇಡೀ ಮನೆ ಏರುತ್ತದೆ. ಜತೆಗೆ ಟ್ಯೂಬಿನ ಬೆಸುಗೆಯ ಗಂಟು ಪುಲ್ಲಿಗೆ ಬಂದಾಗಲೆಲ್ಲ ಒಂದು ಬಿಕ್ಕಳಿಕೆ. ಆದ್ದರಿಂದ ‘ಹೊಸ ಬೆಲ್ಟು ಹಾಕಿದ ಮೇಲೆ ಹಾಡು ಓಡುತ್ತಿದೆ’ ಎಂದು ದೂರುವವರು ಮೋಟಾರನ್ನು ಬಯ್ಯಬೇಡಿ. ಬೆಲ್ಟಿನ ದಪ್ಪ ನೋಡಿ.

ಆವರ್ತನೆಯ ಮಾತು ಬಂದದ್ದರಿಂದ ಒಂದು ಹಳೆಯ ಗೊಂದಲವನ್ನೂ ಹೇಳಿಬಿಡುತ್ತೇನೆ. ವೇಗ ಪರೀಕ್ಷಿಸಲು ಸ್ಟ್ರೋಬ್ ಬಿಲ್ಲೆ ಎಂಬುದೊಂದಿದೆ. ದುಂಡನೆಯ ಕಾಗದದ ಅಂಚಿನಲ್ಲಿ ಕಪ್ಪು ಗೆರೆಗಳು. ನಮ್ಮ 50 ಆವರ್ತನೆಯಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಎಲ್.ಪಿ. ವೇಗಕ್ಕೆ 180 ಗೆರೆಗಳಿದ್ದರೆ, ಪ್ರತಿ ಮಿನುಗಿಗೂ ಒಂದು ಗೆರೆಯ ಜಾಗಕ್ಕೆ ಮುಂದಿನ ಗೆರೆ ಬಂದು ನಿಲ್ಲುತ್ತದೆ, ಗೆರೆಗಳು ನಿಂತಂತೆ ಕಾಣುತ್ತವೆ. ತಿರುಗುವ ದಿಕ್ಕಿಗೇ ಗೆರೆಗಳು ಹರಿದರೆ ವೇಗ ಹೆಚ್ಚು, ಹಿಂದಕ್ಕೆ ಹರಿದರೆ ಕಡಿಮೆ. ಸೆಕೆಂಡಿಗೆ ಒಂದು ಗೆರೆ ಜಾರಿದರೆ ಸರಿಯಾಗಿ ಶೇಕಡ ಒಂದು ತಪ್ಪು. ಅಮೆರಿಕದಿಂದ ತಂದ ಬಿಲ್ಲೆಯಲ್ಲಿ 216 ಗೆರೆಗಳಿರುತ್ತವೆ, ಅದು ಇಲ್ಲಿ ನಡೆಯದು. ಧಾರವಾಡದವರ ಯಂತ್ರದ ತಟ್ಟೆಯಂಚಿನಲ್ಲೇ ಇಂಥ ಚುಕ್ಕಿಗಳಿದ್ದವು, ಪಕ್ಕದಲ್ಲಿ ಸಣ್ಣ ನಿಯಾನ್ ದೀಪ. ತಟ್ಟೆ 28ರಲ್ಲಿ ತೆವಳುತ್ತಿದ್ದಾಗಲೂ 60ರ ಸಾಲಿನ ಚುಕ್ಕಿಗಳು ಕದಲದೆ ನಿಂತಿದ್ದವಂತೆ! ‘ಚುಕ್ಕಿ ನಿಂತೈತಿ, ವೇಗ ಸರಿ ಐತಿ’ ಎಂದು ರಿಪೇರಿಯವರು ಹೇಳಿದ್ದು ಇದೇ ಧೈರ್ಯದ ಮೇಲೆ. ದೀಪವೂ ಅದೇ ಕರೆಂಟಿನದು, ಮೋಟಾರೂ ಅದೇ ಕರೆಂಟಿನದು. ಇಬ್ಬರೂ ಸೇರಿ ಒಂದೇ ಸುಳ್ಳು ಹೇಳಿದರೆ ಹಿಡಿಯುವವರಾರು?

ಈ ಸುಳ್ಳನ್ನು ಒಂದು ಕಾಲಕ್ಕೆ ಇಡೀ ದಕ್ಷಿಣ ಭಾರತವೇ ಕೇಳಿದೆ. 1990ರ ದಶಕದಲ್ಲಿ ವಿದ್ಯುತ್ತಿನ ಕೊರತೆ ಹೆಚ್ಚಿದ್ದ ದಿನಗಳಲ್ಲಿ ದಕ್ಷಿಣದ ಜಾಲದ ಆವರ್ತನೆ 48.5ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತಿತ್ತು. ಅಂದರೆ ಶೇಕಡ ಮೂರರಷ್ಟು ನಿಧಾನ, ಅರ್ಧ ಮನೆಯಷ್ಟು ಶ್ರುತಿ ಇಳಿತ. ಆಗ ಸಂಜೆ ಹೊತ್ತು ರೆಕಾರ್ಡು ಹಾಕಿ ತಂಬೂರಿ ಕೂಡಿಸಲು ಕುಳಿತರೆ ಎರಡೂ ಒಂದಕ್ಕೊಂದು ಸೇರುತ್ತಿರಲಿಲ್ಲ. ಬಿಲ್ಲೆ ನೋಡಿದರೆ ಗೆರೆಗಳು ಕಲ್ಲಿನಂತೆ ನಿಂತಿರುತ್ತಿದ್ದವು. ರಾತ್ರಿ ಹನ್ನೊಂದರ ಮೇಲೆ ಅದೇ ರೆಕಾರ್ಡು ತಾನಾಗಿ ಶ್ರುತಿಗೆ ಏರುತ್ತಿತ್ತು. ತಂಬೂರಿಯನ್ನು ಅನುಮಾನಿಸಿ ತಂತಿ ಬಿಗಿದೂ ಸಡಿಲಿಸಿಯೂ ನಾನು ಕಳೆದ ಸಂಜೆಗಳೆಷ್ಟೋ. 2003ರಲ್ಲಿ ದಕ್ಷಿಣದಲ್ಲಿ ಆವರ್ತನೆಗೆ ತಕ್ಕಂತೆ ದರ ವಿಧಿಸುವ ಪದ್ಧತಿ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. 2013ರ ಡಿಸೆಂಬರ್ 31ರಂದು ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟಿನ ತಂತಿಯ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲಕ್ಕೆ ಸೇರಿತು. ಈಗ ನಿಗದಿಯಾಗಿರುವ ಮಿತಿ 49.90ರಿಂದ 50.05. ಈ ಅಂತರದೊಳಗಿನ ಏರಿಳಿತ ಯಾವ ವಿದ್ವಾಂಸರ ಕಿವಿಗೂ ಸಿಗದು. ಹಾಗಾಗಿ ಇಂದು ಸಂಜೆ ಶ್ರುತಿ ಇಳಿದರೆ ಜಾಲವನ್ನು ಬಯ್ಯುವ ಹಾಗಿಲ್ಲ, ಯಂತ್ರವನ್ನೇ ನೋಡಬೇಕು.

ಇಂದಿನ ತೊಡಕು ಬೇರೆ. ಎಲ್.ಇ.ಡಿ. ಬಲ್ಬುಗಳಲ್ಲಿ ಅನೇಕವು ನೂರರ ಲಯದಲ್ಲಿ ಮಿನುಗುವುದೇ ಇಲ್ಲ. ಅವುಗಳ ಕೆಳಗೆ ಬಿಲ್ಲೆ ಇಟ್ಟರೆ ಬರೀ ಬೂದುಬಣ್ಣದ ಪಟ್ಟಿ ಕಾಣುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಇದ್ದರೆ ಒಳ್ಳೆಯದು. ಇಲ್ಲವೆ ಹಳೆಯ ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಕಿತ್ತಳೆ ಬಣ್ಣದ ನಿಯಾನ್ ಇಂಡಿಕೇಟರನ್ನು ಕತ್ತಲೆ ಕೋಣೆಯಲ್ಲಿ ಬಿಲ್ಲೆಯ ಹತ್ತಿರ ಹಿಡಿಯಿರಿ. ಮೊಬೈಲನ್ನೇ ತಟ್ಟೆಯ ಮೇಲಿಟ್ಟು ವೇಗ ಅಳೆಯುವ ಆಪ್‌ಗಳೂ ಬಂದಿವೆ. ಕೆಲಸ ಮಾಡುತ್ತವೆ. ನನಗೆ ಮಾತ್ರ ನೂರು ಸುತ್ತು ಎಣಿಸುವುದೇ ಹಿತ. ಮೂರು ನಿಮಿಷ ಸುಮ್ಮನೆ ಕೂರುವ ನೆಪ ಈಗ ಬೇರೆಲ್ಲಿ ಸಿಗುತ್ತದೆ?

ಇಲ್ಲಿಯವರೆಗೆ ಹೇಳಿದ್ದು ಒಂದೇ ಸಮನಾದ ತಪ್ಪು ವೇಗದ ಕಥೆ. ಸ್ವರ ತೂಗಾಡುವುದು ಬೇರೆ ಕಾಯಿಲೆ. ಸುಗಮ ಸಂಗೀತದಲ್ಲಿ ಇದು ಹೇಗೋ ತೇಲಿಹೋಗುತ್ತದೆ. ಆಲಾಪದಲ್ಲಿ, ಕೊಳಲಿನಲ್ಲಿ, ತಂಬೂರಿ ಮಾತ್ರ ಕೇಳುವ ಮೊದಲ ಕ್ಷಣಗಳಲ್ಲಿ ಮರೆಯಾಗುವುದಿಲ್ಲ. ತೂಗಾಟಕ್ಕೆ ಒಂದು ಲಯವಿರುತ್ತದೆ. ಅದನ್ನು ಹಿಡಿದರೆ ಕಳ್ಳ ಸಿಕ್ಕಂತೆ. ಎಲ್.ಪಿ. ಒಂದು ಸುತ್ತಿಗೆ 1.8 ಸೆಕೆಂಡು ತೆಗೆದುಕೊಳ್ಳುತ್ತದೆ. ಸ್ವರ 1.8 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತಿದ್ದರೆ ದೋಷ ತಟ್ಟೆಯಲ್ಲಿ ಅಥವಾ ರೆಕಾರ್ಡಿನಲ್ಲೇ ಇದೆ. ಅದಕ್ಕಿಂತ ತುಸು ನಿಧಾನವಾಗಿ ಬಂದರೆ ಬೆಲ್ಟಿನದು. ಬೆಲ್ಟು ತಟ್ಟೆಯ ಸುತ್ತಳತೆಗಿಂತ ಉದ್ದವಿರುವುದರಿಂದ ಅದರ ಸುತ್ತು ತಡವಾಗಿ ಮುಗಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ಗುರುಗುಟ್ಟಿದರೆ ಪುಲ್ಲಿ ಅಥವಾ ಮೋಟಾರು.

ಅನೇಕರು ಯಂತ್ರವನ್ನು ಬಿಚ್ಚಿ ಹರಡಿಕೊಂಡ ಮೇಲೆ ತಿಳಿದುಕೊಳ್ಳುವುದೇನೆಂದರೆ, ದೋಷ ರೆಕಾರ್ಡಿನ ನಡುವಿನ ತೂತಿನಲ್ಲಿತ್ತು ಎಂದು. ತೂತು ಕೇಂದ್ರದಿಂದ ಒಂದೇ ಮಿಲಿಮೀಟರ್ ಸರಿದಿದ್ದರೆ, ಹೊರಗಿನ ಗೆರೆಗಳಲ್ಲಿ ವೇಗ ಶೇಕಡ 0.7ರಷ್ಟು ಅತ್ತಿತ್ತ ಆಗುತ್ತದೆ. ಲೇಬಲಿನ ಹತ್ತಿರ, ಆರು ಸೆಂಟಿಮೀಟರಿನ ಗೆರೆಯಲ್ಲಿ, ಅದೇ ತಪ್ಪು ಶೇಕಡ 1.7ಕ್ಕೆ ಏರುತ್ತದೆ. ಮಗ್ಗುಲಿನ ಕೊನೆಗೆ ಬಂದಂತೆ ತೂಗಾಟ ಹೆಚ್ಚುವುದು ಇದರ ಗುರುತು. ಮುಳ್ಳಿನ ತೋಳನ್ನು ಎದುರಿನಿಂದ ನೋಡಿ. ಅದು ತೊಟ್ಟಿಲಿನಂತೆ ಒಳಕ್ಕೂ ಹೊರಕ್ಕೂ ಆಡುತ್ತಿದ್ದರೆ ಯಂತ್ರಕ್ಕೆ ಕೈ ಹಚ್ಚಬೇಡಿ, ಬೇರೊಂದು ರೆಕಾರ್ಡು ಹಾಕಿ ನೋಡಿ. ತೂತನ್ನು ಕೊರೆದು ದೊಡ್ಡದು ಮಾಡಿ ಸರಿಸುವವರಿದ್ದಾರೆ. ನಾನು ಮಾಡಿಲ್ಲ, ಮಾಡಿ ಎಂದು ಹೇಳುವ ಧೈರ್ಯವೂ ಇಲ್ಲ.

ಬೆಲ್ಟು ಜಾರುತ್ತಿದೆಯೇ ಎಂದು ತಿಳಿಯಲು ತಟ್ಟೆ ಹೊರಟಾಗ ನೋಡಬೇಕು. ವೇಗ ಹಿಡಿಯಲು ಮೊದಲಿಗಿಂತ ಬಹಳ ಹೊತ್ತು ತೆಗೆದುಕೊಂಡರೆ, ರೆಕಾರ್ಡು ಒರೆಸುವ ಬ್ರಷ್ ಮೆಲ್ಲಗೆ ಇಟ್ಟರೂ ನಿಧಾನವಾದರೆ ಅನುಮಾನ ಬೆಲ್ಟಿನ ಮೇಲೆ. ಹೊಸದಕ್ಕೆ ಓಡುವ ಮೊದಲು ಇದ್ದುದನ್ನೇ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಪುಲ್ಲಿಯನ್ನೂ ಬೆಲ್ಟು ಕೂರುವ ತಟ್ಟೆಯ ಅಂಚನ್ನೂ ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬರುವ ಕಪ್ಪು ಮಸಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ನಮ್ಮ ಬೆರಳಿನ ಎಣ್ಣೆಯೇ ಬೆಲ್ಟಿನ ಶತ್ರು. ಹಿಗ್ಗಿದ ಬೆಲ್ಟನ್ನು ಕುದಿಯುವ ನೀರಿಗೆ ಹಾಕಿ ಕುಗ್ಗಿಸುವ ವಿದ್ಯೆಯೂ ಇದೆ. ನಾಲ್ಕು ದಿನ ಬಾಳುತ್ತದೆ.

ಬೆಲ್ಟಿಲ್ಲದೆ ರಬ್ಬರಿನ ಚಕ್ರದಿಂದ ತಟ್ಟೆಯನ್ನು ಒತ್ತಿ ತಿರುಗಿಸುವ ಹಳೆಯ ಗರಾರ್ಡ್ ಮುಂತಾದ ಯಂತ್ರಗಳಲ್ಲಿ ಕಾಯಿಲೆ ಆ ಚಕ್ರದ್ದು. 33ರಲ್ಲೋ 45ರಲ್ಲೋ ಗುಂಡಿ ಇಟ್ಟು ಹತ್ತು ವರ್ಷ ಮೂಲೆಗೆ ಸರಿಸಿದರೆ ಚಕ್ರ ಒತ್ತಿದ ಜಾಗದಲ್ಲೇ ಚಪ್ಪಟೆಯಾಗಿ ‘ದಬ್ ದಬ್’ ಎನ್ನುತ್ತದೆ. ರಬ್ಬರು ಗಟ್ಟಿಯಾಗಿ ಹೊಳೆಯುತ್ತಿದ್ದರೆ ನಯವಾದ ಉಜ್ಜುಕಾಗದದಿಂದ ಮೇಲ್ಮೈ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ. ಯಂತ್ರ ಬಳಸದಾಗ ಗುಂಡಿಯನ್ನು ಆಫ್‌ನಲ್ಲೇ ಇಡಿ, ಆಗ ಚಕ್ರ ಬಿಡಿಸಿಕೊಂಡಿರುತ್ತದೆ.

ಇನ್ನು ಎಣ್ಣೆ. ಮೋಟಾರಿನ ಬುಷ್ ಒಣಗಿದರೆ ಯಂತ್ರ ತಣ್ಣಗಿರುವಾಗ ನಿಧಾನ, ಅರ್ಧ ಗಂಟೆ ಓಡಿದ ಮೇಲೆ ಸರಿ. ಹಳೆಯ ಎಣ್ಣೆಯನ್ನು ಒರೆಸಿ ತೆಗೆದು, ತೆಳ್ಳನೆಯ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ದಯವಿಟ್ಟು ಕೊಬ್ಬರಿ ಎಣ್ಣೆ ಬೇಡ! ಮಲೆನಾಡಿನ ಓದುಗರೊಬ್ಬರು ತಮ್ಮ ಪ್ಲೇಯರ್ ‘ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಮಾತ್ರ’ ಎಳೆಯುತ್ತದೆ ಎಂದು ಬರೆದಿದ್ದರು. ಚಳಿಗೆ ಶೀಶೆಯಲ್ಲಿ ಗಟ್ಟಿಯಾಗುವ ಎಣ್ಣೆ ಬುಷ್‌ನಲ್ಲಿ ಮಾತ್ರ ಕರಗಿ ಕೂರುತ್ತದೆಯೇ?

ಇಂದು ಮಾರುವ ಟರ್ನ್‌ಟೇಬಲ್‌ಗಳಲ್ಲಿ ಹೆಚ್ಚಿನವು ಅಡಾಪ್ಟರಿನಿಂದ ಓಡುವ ಡಿ.ಸಿ. ಮೋಟಾರಿನವು. ಅಡಾಪ್ಟರಿನ ಮೇಲೆ 100-240 ವೋಲ್ಟ್, 50/60 ಎಂದು ಬರೆದಿದ್ದರೆ ಅಮೆರಿಕದಿಂದ ಬಂದದ್ದೂ ಇಲ್ಲಿ ಸರಿಯಾಗಿ ನಡೆಯುತ್ತದೆ. ಕಡಿಮೆ ಬೆಲೆಯವುಗಳು ಪೆಟ್ಟಿಗೆಯಿಂದ ಹೊರಬರುವಾಗಲೇ ಒಂದೆರಡು ಶೇಕಡ ಜೋರಾಗಿ ಓಡುವುದುಂಟು. ಅನೇಕ ಮೋಟಾರುಗಳ ತಳದಲ್ಲಿ ಸಣ್ಣ ತೂತು, ಅದರೊಳಗೆ ತಿರುಪು ಇರುತ್ತದೆ. ಕೆಲವಕ್ಕೆ 33ಕ್ಕೂ 45ಕ್ಕೂ ಬೇರೆಬೇರೆ. ಗಡಿಯಾರ ರಿಪೇರಿಯವರ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಎಣಿಸಿ. ತಿರುಗಿಸಿದಾಗ ವೇಗ ಮೆಲ್ಲಗೆ ಬದಲಾಗದೆ ಧಡಕ್ಕನೆ ಹಾರಿದರೆ, ಅಥವಾ ಹಾಡಿನ ನಡುವೆ ತಾನಾಗಿಯೇ ಜಿಗಿದರೆ, ಆ ತಿರುಪಿನೊಳಗಿನ ಪಟ್ಟಿ ಮಲಿನವಾಗಿದೆ ಎಂದರ್ಥ. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು, ಹತ್ತಿಪ್ಪತ್ತು ಸಲ ಅತ್ತಿತ್ತ ತಿರುಗಿಸಿದರೆ ಬಹುಪಾಲು ಗುಣವಾಗುತ್ತದೆ. ತಿರುಗಿಸುವ ಮೊದಲು ತಿರುಪು ಎಲ್ಲಿತ್ತೆಂದು ಪೆನ್ನಿನಲ್ಲಿ ಗುರುತು ಮಾಡಿಕೊಳ್ಳಿ. ಈ ಬುದ್ಧಿ ನನಗೆ ಮೂರನೆಯ ಯಂತ್ರಕ್ಕೆ ಬಂತು.

1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2ನಂಥ ಕ್ವಾರ್ಟ್ಜ್ ಯಂತ್ರಗಳ ರೀತಿಯೇ ಬೇರೆ. ಅಲ್ಲಿ ಆವರ್ತನೆಗೂ ವೇಗಕ್ಕೂ ಸಂಬಂಧವಿಲ್ಲ, ಸ್ಫಟಿಕದ ಲೆಕ್ಕ. ಅಂಥದ್ದು ತೂಗಾಡಿದರೆ ಬಹುತೇಕ ವಯಸ್ಸಾದ ಕೆಪಾಸಿಟರು ಅಥವಾ ಬಿರುಕು ಬಿಟ್ಟ ಬೆಸುಗೆ. ಅದು ಬಲ್ಲವರ ಕೆಲಸ. ಸಿಂಕ್ರೋನಸ್ ಮೋಟಾರಿನ ಯಂತ್ರದಲ್ಲೂ ಒಂದು ಕೆಪಾಸಿಟರು ಇರುತ್ತದೆ. ಅದು ಸೋತರೆ ಮೋಟಾರು ಗುಂಯ್ ಎನ್ನುತ್ತದೆ, ತಟ್ಟೆಯನ್ನು ಎಳೆಯಲಾರದು, ಕೆಲವೊಮ್ಮೆ ಹಿಂದುಮುಂದಾಗಿಯೂ ಹೊರಡುತ್ತದೆ. ಅದರ ತಂತಿಗಳಲ್ಲಿ ಮನೆಯ ಕರೆಂಟೇ ಹರಿಯುವುದರಿಂದ, ಸ್ವಿಚ್ ಆರಿಸಿದ್ದೇನೆಂದು ಧೈರ್ಯ ಮಾಡದೆ ಪ್ಲಗ್ಗನ್ನೇ ಕಿತ್ತು ಕೈ ಹಾಕಿ.

ಧಾರವಾಡದವರ ಮೂರನೆಯ ಕಾಗದ ಮೊನ್ನೆ ಬಂತು. ಹೊಸ ಪುಲ್ಲಿಯಲ್ಲಿ ನೂರು ಸುತ್ತಿಗೆ 180 ಸೆಕೆಂಡು. ತಾಯಿಯವರಿಗೆ ಏನೂ ಹೇಳದೆ ಒಳಗಿನ ಕೋಣೆಯಲ್ಲಿ ಮನಸೂರರನ್ನು ಹಾಕಿದ್ದಾರೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದವರು ಎದ್ದು ಬಂದು, ಕುರ್ಚಿ ಎಳೆದುಕೊಂಡು ಕುಳಿತು, ‘ಇನ್ನೊಂದು ಮಗ್ಗಲ ಹಾಕು’ ಅಂದರಂತೆ. ಅಷ್ಟೇ ಬರೆದಿದ್ದಾರೆ. ಕೂಡಲೇ ಮುಂದಿನ ಪ್ರಶ್ನೆಗೆ ಹಾರಿದ್ದಾರೆ.

ಆ ಪೆಟ್ಟಿಗೆಯ ತಳದಲ್ಲಿ ಐದಾರು ಅರಗಿನ ಪ್ಲೇಟುಗಳೂ ಸಿಕ್ಕಿವೆ. 78ರವು. ಅವುಗಳಲ್ಲಿ ಎರಡರ ಮೇಲೆ ‘ಗಾಂಧಾರಿ’ ಎಂಬ ಹೆಸರಿದೆ, ಯಾರಿವರು ಎಂದು ಕೇಳಿದ್ದಾರೆ. ಅವರು ಗಂಗೂಬಾಯಿ ಹಾನಗಲ್. 1930ರ ದಶಕದ ರೆಕಾರ್ಡುಗಳಲ್ಲಿ ಅವರು ಆ ಹೆಸರಿನಲ್ಲಿ ಹಾಡಿದ್ದಾರೆ. ಅದನ್ನು ಹಾಕಿದಾಗ ಕಂಠ ತೀರ ಎಳೆಯದಾಗಿ, ಎತ್ತರವಾಗಿ ಕೇಳಿದರೆ ಯಂತ್ರ ಓಡುತ್ತಿದೆ ಎಂದು ತಿರುಪಿಗೆ ಕೈ ಹಾಕಬೇಡಿ. ನಾವೆಲ್ಲ ಬಲ್ಲ ಅವರ ಗಡಸು ಕಂಠ ನಂತರದ್ದು, ಗಂಟಲಿನ ಚಿಕಿತ್ಸೆಯ ಮೇಲೆ ಬಂದದ್ದು. ಅಲ್ಲಿ ಬದಲಾದದ್ದು ದನಿಯೇ ಹೊರತು ವೇಗವಲ್ಲ. ಹಾಗೆಂದು 78 ಎಂದು ಬರೆದ ಪ್ಲೇಟೆಲ್ಲ 78ರಲ್ಲೇ ಮುದ್ರಣವಾದದ್ದು ಎಂದೂ ನಂಬುವಂತಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ, ಕೊನೆಗೆ ಮೈಸೂರಿಗೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್‌ರ ಕಾಲದ ಮುದ್ರಣಗಳಲ್ಲಿ ವೇಗ 70ರ ಆಸುಪಾಸಿನಿಂದ 80ರವರೆಗೂ ಅಲೆಯುತ್ತಿತ್ತು. ಅವುಗಳ ನಿಜವಾದ ಶ್ರುತಿ ಯಾವುದೆಂದು ಇಂದಿಗೂ ಸಂಗ್ರಾಹಕರು ವಾದಿಸುತ್ತಾರೆ.

ಅವರ ಈಗಿನ ಯಂತ್ರದಲ್ಲಿ 78ರ ವೇಗವಿಲ್ಲ. ಇದ್ದರೂ ಎಲ್.ಪಿ.ಯ ಮುಳ್ಳಿನಲ್ಲಿ ಅರಗಿನ ಪ್ಲೇಟು ಹಾಕಬಾರದು. 78ರ ಮುಳ್ಳಿನ ತುದಿ ಅದರ ನಾಲ್ಕು ಪಟ್ಟು ದಪ್ಪ. ಆದರೆ ಅಟ್ಟದಲ್ಲಿ ಕೀಲಿ ಕೊಡುವ ಗ್ರಾಮಫೋನೂ ಇದೆಯಂತೆ, ಕೀಲಿ ಕೊಟ್ಟರೆ ಪ್ಲೇಟು ಬುಗುರಿಯಂತೆ ಓಡುತ್ತದಂತೆ, ವೇಗದ ತಿರುಪು ಎಷ್ಟು ತಿರುಗಿಸಿದರೂ ನಿಲ್ಲುತ್ತಿಲ್ಲವಂತೆ. ಅದರೊಳಗೆ ಮೂರು ಸೀಸದ ಗುಂಡುಗಳ ಗವರ್ನರ್ ಇರುತ್ತದೆ. ಅವುಗಳನ್ನು ಹಿಡಿದಿರುವ ತೆಳು ಪಟ್ಟಿಗಳಲ್ಲಿ ಒಂದು ಮುರಿದಿರಬೇಕು, ಇಲ್ಲವೇ ತೊಗಲಿನ ಬಿರಿಕಿ ಸವೆದಿರಬೇಕು. ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಅದನ್ನು ಮುಟ್ಟಬೇಡಿ, ಬೆರಳು ಉಳಿಯುವುದಿಲ್ಲ. ಉಳಿದದ್ದು ಮುಂದಿನ ವಾರ.